ಗಾಡಿ ಹಲಗೆಯ ಮೇಲಿನ ಫ್ರಿಜ್ಜು

ಮುನಿಶಾಮಮ್ಮನ ಮನೆಯ ಫ್ರಿಜ್ಜು ಸುಮ್ಮನೆ ಕೂರುವ ಜಾತಿಯದಲ್ಲ. ಬೆಳಿಗ್ಗೆ ಗುರ್ ಎನ್ನುತ್ತಿತ್ತು, ಮಧ್ಯಾಹ್ನ ಗಡಗಡ ಎನ್ನುತ್ತಿತ್ತು, ಟೀವಿಯಲ್ಲಿ ಧಾರಾವಾಹಿ ಮುಖ್ಯ ಘಟ್ಟಕ್ಕೆ ಬಂದಾಗ ಹೊತ್ತು ನೋಡಿಕೊಂಡು ಟಕ್ ಎಂದು ಒಂದು ಸಲ ಒದರಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬೇರೆಯವರ ಮನೆಯಾಗಿದ್ದರೆ ಎಂದೋ ರಿಪೇರಿಯವನನ್ನು ಕರೆಸುತ್ತಿದ್ದರು. ಈ ಮನೆಯಲ್ಲಿ ಮಾತ್ರ ಆ ಸದ್ದಿಗೆ ಮಾನ ಮರ್ಯಾದೆ ಇತ್ತು. ಯಾಕೆಂದರೆ ಮೊಮ್ಮಗಳು ಪ್ರಣತಿಗೆ ಕಿವಿ ಕೇಳುತ್ತದೆ ಎನ್ನುವುದಕ್ಕೆ ಆ ಮನೆಯಲ್ಲಿದ್ದ ಒಂದೇ ಒಂದು ಸಾಕ್ಷಿ ಅದು.

ಮನೆ ಇರುವುದು ಕೆ.ಆರ್. ಪುರದ ಹಳೇ ಊರಿನ ಹಿಂದೆ, ರಾಜಕಾಲುವೆಯ ಮಗ್ಗುಲಲ್ಲಿ. ಒಂದು ಕಾಲಕ್ಕೆ ಆ ಜಾಗ ಅವಳ ಗಂಡ ಮುನಿಆಂಜನಪ್ಪನ ಸೊಪ್ಪಿನ ತೋಟ. ಈಗ ತೋಟದ ಮೇಲೆ ಬಾಡಿಗೆ ಮನೆಗಳ ಬಿಲ್ಡಿಂಗ್ ಎದ್ದಿದೆ, ತಗ್ಗು ಮಾತ್ರ ತಗ್ಗಾಗಿಯೇ ಉಳಿದಿದೆ. ಜೋರು ಮಳೆ ಬಂದರೆ ಬಾಡಿಗೆಯವರು ಮಹಡಿಯ ಮೇಲೆ ಬೆಚ್ಚಗೆ ಕೂತು ವಿಡಿಯೋ ಮಾಡುತ್ತಾರೆ, ಕೆಳಗಿರುವ ಇವರ ಓನರ್ ಮನೆಯೊಳಕ್ಕೆ ನೀರು ನುಗ್ಗುತ್ತದೆ. ಮೇಲಿನ ಮನೆಗೆ ಹೋಗೋಣ ಎಂದು ಮಗ ನಿತೀಶ್ ಎಷ್ಟು ಹೇಳಿದರೂ ಮುನಿಆಂಜನಪ್ಪ ಒಪ್ಪಿಲ್ಲ. ನೆಲ ಬಿಟ್ಟು ಮಲಗಿದರೆ ಅವನಿಗೆ ನಿದ್ದೆ ಹತ್ತುವುದಿಲ್ಲವಂತೆ. ಹೀಗೇ ಒಂದು ಮಳೆಯಲ್ಲಿ ಹಳೇ ಫ್ರಿಜ್ಜು ಮೊಣಕಾಲುದ್ದ ಕೊಚ್ಚೆ ನೀರಿನಲ್ಲಿ ನಿಂತು ಪ್ರಾಣ ಬಿಟ್ಟಿತು.

ಹೊಸದು ಬಂದಾಗ ಮುನಿಆಂಜನಪ್ಪ ತಲೆ ಓಡಿಸಿದ. ಹಿತ್ತಲಿನಲ್ಲಿ ಅವನ ಎತ್ತಿನ ಗಾಡಿಯ ಹಲಗೆಗಳಿದ್ದವು. ಎತ್ತು ಹೋಗಿ, ಗಾಡಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಆ ಹಲಗೆಗಳನ್ನು ಸೌದೆಗೆ ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ. ಬಡಗಿಯನ್ನು ಕರೆಸಿ ಹಾಲ್‌ನ ಗೋಡೆಯುದ್ದಕ್ಕೂ ಸೊಂಟದೆತ್ತರದ ಒಂದು ಅಟ್ಟಣೆ ಮಾಡಿಸಿದ. ಅದರ ಆ ತುದಿಯಲ್ಲಿ ಫ್ರಿಜ್ಜು ನಿಂತಿತು, ಈ ತುದಿಗೆ ಹಾಸಿಗೆ ಹಾಸಿ ದಿಂಬು ಇಟ್ಟರೆ ದಿವಾನವಾಯಿತು. ಬಂದವರೆಲ್ಲ ಭೇಷ್ ಎಂದರು. ಫ್ರಿಜ್ಜಿನಿಂದ ಮೊಸರು ತೆಗೆಯಬೇಕಾದರೆ ಮುನಿಶಾಮಮ್ಮ ಸ್ಟೂಲು ಹತ್ತಬೇಕಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರಣತಿ ಕೂರುವುದನ್ನು ಕಲಿತಿದ್ದೇ ಆ ದಿವಾನದ ಮೇಲೆ. ಸುತ್ತ ದಿಂಬಿನ ಕೋಟೆ ಕಟ್ಟಿ ಮಗುವನ್ನು ನಡುವೆ ಕೂರಿಸಿ, ಕೈಗೊಂದು ಡಬ್ಬದ ಮುಚ್ಚಳ ಕೊಟ್ಟರೆ ಮುಗಿಯಿತು, ಗಂಟೆಗಟ್ಟಲೆ ಉಸಿರೆತ್ತುತ್ತಿರಲಿಲ್ಲ. ಇಂಥ ಶಾಂತ ಮಗು ಇಡೀ ಕೇರಿಯಲ್ಲಿ ಇಲ್ಲ ಎಂದು ಮುನಿಶಾಮಮ್ಮನಿಗೆ ಹೆಮ್ಮೆ. ಫ್ರಿಜ್ಜು ಗಡಗಡ ಶುರು ಮಾಡಿದರೆ ಮಾತ್ರ ಮಗು ಮುಚ್ಚಳ ಬಿಟ್ಟು, ಕತ್ತು ತಿರುಗಿಸಿ, ಫ್ರಿಜ್ಜಿನ ಕಡೆ ಕಣ್ಣರಳಿಸಿ ನೋಡಿ, ಮೂಡುತ್ತಿದ್ದ ಎರಡು ಹಲ್ಲು ತೋರಿಸಿ ನಗುತ್ತಿತ್ತು. ಒಂದು ದಿನವೂ ತಪ್ಪಿಸಿದ್ದಿಲ್ಲ.

ಅತ್ತೆ ಸೊಸೆಯ ಜಗಳಕ್ಕೆ ಇದೇ ಮೂಲ. ಸೊಸೆ ಹಂಸ ಜೋಗುಪಾಳ್ಯದವಳು, ಇಂದಿರಾನಗರದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ದಿನವಿಡೀ ಫೋನ್ ಎತ್ತುವ ಕೆಲಸ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಮಗುವಿನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ಮುಖ ಸಣ್ಣಗೆ ಮಾಡಿಕೊಂಡು, ಕಿವಿ ಪರೀಕ್ಷೆ ಒಂದು ಮಾಡಿಸಿಬಿಡಿ, ತಡ ಮಾಡಬೇಡಿ, ಇಂಥದ್ದನ್ನು ಬೇಗ ಹಿಡಿದಷ್ಟೂ ಮಗುವಿಗೆ ಮಾತು ಬರುವುದು ಸುಲಭ ಎಂದಿದ್ದರು. ಅಂದಿನಿಂದ ಹಂಸ ಪ್ರತಿ ಸಂಜೆ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು "ಬಂಗಾರೀ" ಎಂದು ಕೂಗುತ್ತಿದ್ದಳು. ಮಗು ತಿರುಗುತ್ತಿರಲಿಲ್ಲ.

"ನೋಡಿ ಅತ್ತೆ, ತಿರುಗ್ಲಿಲ್ಲ."

"ಆಟದಾಗೈತೆ ಕಣಮ್ಮ ಮಗು. ನೀನು ಮೊಬೈಲ್ ನೋಡೋವಾಗ ನಾನು ಕೂಗಿದ್ರೆ ನೀನೇನು ತಿರುಗ್ತೀಯ?"

"ಅಲ್ಲ ಅತ್ತೆ, ಡಾಕ್ಟ್ರು ಏನಂದ್ರು ಅಂದ್ರೆ..."

"ಡಾಕ್ಟ್ರು! ಡಾಕ್ಟ್ರು ನಮ್ಮನೇಗೆ ಬಂದು ಫ್ರಿಜ್ಜಿನ್ ತಾವ ಮಗೂನ ನೋಡವ್ರಾ? ಅಷ್ಟೊಂದು ಸದ್ದಿಗೆ ಗಕ್ಕನೆ ತಿರುಗೋ ಮಗೂಗೆ ಕಿವುಡು ಅಂತೀಯಲ್ಲ, ನಿನ್ ಬಾಯಿಗೆ ಒಳ್ಳೇದೇ ಬರಲ್ವಾ?"

ಹಂಸ ಅಲ್ಲಿಗೆ ಸುಮ್ಮನಾಗುತ್ತಿದ್ದಳು. ಅವಳು ಹಟ ಹಿಡಿದಿದ್ದರೆ ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಬಹುದಿತ್ತು. ನಿತೀಶ್ ಬೇಡ ಎನ್ನುವ ಗಂಡನಲ್ಲ, ಬೈಕಿನಲ್ಲಿ ತಾನೇ ಬಿಟ್ಟು ಬರುತ್ತಿದ್ದ. ಆದರೂ ಅವಳು ಹೋಗಲಿಲ್ಲ. ಮಾರನೆಯ ದಿನ ಅದೇ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಎತ್ತಿ ಅದೇ ಬೈಗುಳ ತಿಂದು ಒಳಗೆ ಬರುತ್ತಿದ್ದಳು. ಮುನಿಶಾಮಮ್ಮ ಇದನ್ನು ತನ್ನ ಗೆಲುವೆಂದೇ ಎಣಿಸಿದ್ದಳು.

ಆ ಗೆಲುವು ನೆತ್ತಿಗೇರಿದ್ದು ಮಗು ಅಂಬೆಗಾಲಿಟ್ಟು ಹೊಸಿಲು ದಾಟಿದ ಶಾಸ್ತ್ರದ ದಿನ. ಬೀಗರು ಬಂದಿದ್ದರು, ನೆಂಟರು ಬಂದಿದ್ದರು, ಹೊಸಿಲಿಗೆ ಪೂಜೆಯಾಗಿ ಎಲ್ಲರ ಬಾಯಲ್ಲೂ ಕೊಬ್ಬರಿ ಸಕ್ಕರೆ ಇತ್ತು. ಹಂಸಳ ತಾಯಿ ಮೆಲ್ಲಗೆ, "ಒಂದ್ಸಲ ತೋರಿಸ್ಬಿಡೋಣ ಬೀಗಿತ್ತಿ, ನಮ್ ಸಮಾಧಾನಕ್ಕೆ" ಎಂದಿದ್ದೇ ತಡ, ಮುನಿಶಾಮಮ್ಮ ಎದ್ದು ಹೋಗಿ ಫ್ರಿಜ್ಜಿನ ಬಾಗಿಲನ್ನು ತೆರೆದಿಟ್ಟಳು. ಒಳಗೆ ಸೆಕೆ ನುಗ್ಗಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಗಡಗಡ ಎನ್ನಲೇಬೇಕು ಎನ್ನುವ ಗುಟ್ಟು ಅವಳಿಗೆ ಗೊತ್ತಿತ್ತು. ಗಡಗಡ ಎಂದಿತು. ದಿವಾನದ ಮೇಲೆ ಕೂತಿದ್ದ ಮಗು ತಿರುಗಿ ನಕ್ಕಿತು. ಹಾಲ್‌ನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. "ನಮ್ ಸೊಸೆಗೆ ಮಗೂಗೊಂದು ಕಾಯಿಲೆ ಇರ್ಲೇಬೇಕು, ಇಲ್ದಿದ್ರೆ ಉಂಡಿದ್ದು ಅರಗಲ್ಲ" ಎಂದು ಮುನಿಶಾಮಮ್ಮ ಎಲ್ಲರ ಮುಂದೆ ಅಂದಳು. ಜನ ನಕ್ಕರು. ಹಂಸಳೂ ನಕ್ಕಳು ಎನ್ನುವುದೇ ಆಶ್ಚರ್ಯ.

ಅದಾಗಿ ಕೆಲವು ವಾರಕ್ಕೆ ಫ್ರಿಜ್ಜು ಹೊಸದೊಂದು ರಾಗ ಶುರು ಮಾಡಿತು. ಗಡಗಡದ ಜೊತೆಗೆ ಕರ್‌ರ್‌ರ್ ಎಂದು ತಗಡಿನ ಮೇಲೆ ಕುಡುಗೋಲು ಎಳೆದ ಹಾಗೆ ಕಿರುಚತೊಡಗಿತು. ಹಲ್ಲು ಚುಳ್ ಎನ್ನುತ್ತಿತ್ತು. ಮೇಲಿನ ಮನೆಯ ಬಾಡಿಗೆಯವರು ಕೆಳಗೆ ಬಂದು, ಅಂಕಲ್, ಮೀಟಿಂಗಿನಲ್ಲಿ ನಮ್ಮ ಮಾತೇ ಕೇಳುತ್ತಿಲ್ಲ ಎಂದು ದೂರಿದರು. ಫ್ರಿಜ್ಜಿನಲ್ಲಿಟ್ಟ ಹಾಲು ಒಡೆಯಿತು. ಎರಡು ದಿನದ ಬಸ್ಸಾರು ಹಳಸಿತು. ಸದ್ದು ಮಾಡಿದರೆ ಮಾಡಲಿ ಎನ್ನುತ್ತಿದ್ದ ಮುನಿಶಾಮಮ್ಮ ಬಸ್ಸಾರು ಚೆಲ್ಲಬೇಕಾಗಿ ಬಂದಾಗ ಸೋತಳು. ಒಂದು ಬೆಳಿಗ್ಗೆ ನಿತೀಶ್, ಹಂಸ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮುನಿಆಂಜನಪ್ಪ ಬೈಲಪ್ಪನಿಗೆ ಫೋನ್ ಮಾಡಿದ.

ಬೈಲಪ್ಪ ದೂರದ ನೆಂಟ. ಹಳೇ ಮದ್ರಾಸು ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟವನು. ಕೈಗಿಂತ ಬಾಯಿ ಮುಂದು. ಬಂದವನು ಫ್ರಿಜ್ಜನ್ನು ಮುಟ್ಟುವ ಮೊದಲೇ ಹೊಸಿಲಲ್ಲೇ ತೀರ್ಪು ಕೊಟ್ಟ.

"ಕಂಪ್ರೆಸರ್ ಹೋಗೈತೆ ಅಣ್ಣ. ಇಲ್ಲಿಂದ್ಲೇ ಕೇಳ್ತೈತೆ. ಬದಲಾಯಿಸ್ಲೇಬೇಕು."

"ಒಳಕ್ಕೆ ಬಂದು ನೋಡಿ ಹೇಳೋ ಮಾರಾಯ."

ಬೈಲಪ್ಪ ಅಟ್ಟಣೆ ಹತ್ತಿ ಫ್ರಿಜ್ಜಿನ ಹಿಂದಕ್ಕೆ ತೂರಿಕೊಂಡ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿಸಿಕೊಂಡ. ಅಲ್ಲಿಂದ ಪೈಪಿಗೆ ಇಟ್ಟ, ಹಿಂಬದಿಯ ತಗಡಿಗೆ ಇಟ್ಟ, ಕೊನೆಗೆ ಹಲಗೆಗೇ ಇಟ್ಟ. ಹೊರಗೆ ಬಂದವನು ತೀರ್ಪನ್ನು ನುಂಗಿಕೊಂಡಿದ್ದ.

"ಕಂಪ್ರೆಸರ್ ಗುಂಡುಕಲ್ಲಿನಂಗೈತೆ ಅಣ್ಣ. ನಾನು ಹೇಳಿದ್ದು ಬೇರೆ ಅರ್ಥದಾಗೆ."

"ಆಹಾ, ಯಾವ ಅರ್ಥದಾಗೋ?" ಎಂದಳು ಮುನಿಶಾಮಮ್ಮ. ಅವಳು ದಿವಾನದ ಎದುರಿಗೆ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು, ನೆನೆಸಿದ ಅವರೆಕಾಳನ್ನು ಪುಚಕ್ ಪುಚಕ್ ಎಂದು ಹಿತುಕುತ್ತಿದ್ದಳು. ಪ್ರಣತಿ ದಿವಾನದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಮುಚ್ಚಳದೊಳಕ್ಕೆ ಚಮಚ ಇಡುವುದು, ತೆಗೆಯುವುದು ಮಾಡುತ್ತಿತ್ತು.

"ಇಲ್ಲಿ ಎರಡು ಸದ್ದೈತೆ ಅಕ್ಕ. ಒಂದ್ರಲ್ಲಿ ಇನ್ನೊಂದು ಸೇರ್ಕೊಂಡೈತೆ. ಕರ್ ಅನ್ನೋದು ಫ್ರೀಜರ್ ಹಿಂದಿರೋ ಫ್ಯಾನು. ಬಾಗ್ಲಿನ ರಬ್ಬರ್ ಸಡಿಲ ಆಗಿ ಗಾಳಿ ನುಗ್ಗಿ ಒಳಗಡೆ ಐಸು ಕಟ್ಕೊಂಡೈತೆ, ರೆಕ್ಕೆ ಅದಕ್ಕೆ ಹೊಡೀತೈತೆ. ಗಡಗಡ ಅನ್ನೋದು ಅದಲ್ಲ. ಅದು ನಿಮ್ ಹಲಗೇದು. ಬನ್ನಿ ಅಣ್ಣ, ಇಲ್ಲಿ ಬಗ್ಗಿ ನೋಡಿ."

ಮುನಿಆಂಜನಪ್ಪ ಬಗ್ಗಿ ನೋಡಿದ. ಹಲಗೆಯಲ್ಲಿ ಹಿಂದೆ ಗಾಡಿಯ ಬೋಲ್ಟು ಕೂತಿದ್ದ ತೂತೊಂದಿತ್ತು. ಫ್ರಿಜ್ಜಿನ ಒಂದು ಕಾಲು ಸರಿದು ಸರಿದು ಆ ತೂತಿನಲ್ಲಿ ಅರ್ಧ ಇಳಿದಿತ್ತು. ಕಂಪ್ರೆಸರಿನ ಕೆಳಗಿನ ರಬ್ಬರ್ ಗುಂಡುಗಳು ಒಣಗಿ ಕಲ್ಲಾಗಿದ್ದವು. ಕಂಪ್ರೆಸರ್ ಓಡಿದಾಗೆಲ್ಲ ಆ ಅದುರು ಕಾಲಿಗಿಳಿದು, ಕಾಲಿನಿಂದ ಹಲಗೆಗಿಳಿದು, ಈ ತುದಿಯಿಂದ ಆ ತುದಿಯವರೆಗೂ ಹರಿಯುತ್ತಿತ್ತು.

"ಕೈಯಿಡಿ ಅಣ್ಣ ಹಲಗೆ ಮ್ಯಾಲೆ. ಜುಮ್ ಅಂತೈತಾ?"

"ಅಂತೈತೆ."

"ಒಂದು ನಿಮಿಷದ ಕೆಲ್ಸ."

ಒಂದು ನಿಮಿಷದ ಕೆಲಸ ಎಂದವನು ಬೇಕಾದಷ್ಟು ಹೊತ್ತು ತೆಗೆದುಕೊಂಡ. ಸ್ವಿಚ್ ಆರಿಸಿ, ಕಂಪ್ರೆಸರಿಗೆ ಹೊಸ ರಬ್ಬರ್ ಗುಂಡು ಹಾಕಿ, ಲಾರಿ ಟ್ಯೂಬಿನ ದಪ್ಪ ತುಂಡುಗಳನ್ನು ಒಂದರ ಮೇಲೊಂದು ಮಡಿಚಿ, ಮುನಿಆಂಜನಪ್ಪನ ಹೆಗಲು ಕೊಡಿಸಿ ಫ್ರಿಜ್ಜನ್ನು ಎತ್ತಿ, ನಾಲ್ಕೂ ಕಾಲಿನ ಕೆಳಗೆ ಇಟ್ಟ. ನಡುನಡುವೆ ತನ್ನ ಭಾವಮೈದುನನ ಸೈಟಿನ ತಕರಾರನ್ನು ಪೂರ್ತಿ ಹೇಳಿ ಮುಗಿಸಿದ. ಮುನಿಶಾಮಮ್ಮ ಇಬ್ಬರಿಗೂ ಕಾಫಿ ತಂದುಕೊಟ್ಟು ಮತ್ತೆ ಅವರೆಕಾಳಿಗೆ ಕೂತಳು.

"ಈಗ ಹಾಕ್ತೀನಿ ನೋಡಿ. ಫ್ಯಾನಿಂದು ಇನ್ನೂ ಮುಟ್ಟಿಲ್ಲ, ಅದು ಕಿರುಚ್ತೈತೆ. ಗಡಗಡ ಮಾತ್ರ ಇರಲ್ಲ."

ಸ್ವಿಚ್ ಒತ್ತಿದ. ಕಂಪ್ರೆಸರ್ ಬೆಕ್ಕಿನ ಹಾಗೆ ಸಣ್ಣಗೆ ಹೂಂಗುಟ್ಟಿತು. ಮುನಿಆಂಜನಪ್ಪ ಹಲಗೆಯ ಮೇಲೆ ಅಂಗೈಯಿಟ್ಟು ತಲೆಯಾಡಿಸಿದ, ಏನೂ ಅದುರುತ್ತಿರಲಿಲ್ಲ. ಅಷ್ಟರಲ್ಲಿ ಫ್ಯಾನು ಐಸಿಗೆ ಬಡಿಯಿತು.

ಇದುವರೆಗೂ ಕೇಳಿದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಫ್ರಿಜ್ಜನ್ನು ಎತ್ತಿ ಇಳಿಸಿದ್ದರಲ್ಲಿ ಐಸಿನ ಗಡ್ಡೆ ಸರಿದು ರೆಕ್ಕೆಗೆ ಅಡ್ಡ ಬಂದಿತ್ತೋ ಏನೋ, ಕರ್‌ರ್‌ರ್ ಎಂದು ಶುರುವಾದದ್ದು ಕಿಟಾರನೆ ಕಿರುಚಿತು. ಮುನಿಆಂಜನಪ್ಪನ ಕೈಯ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಬೊಗಳಿತು. ಬೈಲಪ್ಪನೇ ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಹಾರಿದ. ಮುನಿಶಾಮಮ್ಮ ಬೆಚ್ಚಿಬಿದ್ದು, ಅಯ್ಯೋ ಮಗು ಹೆದರಿಕೊಂಡಿತು ಎಂದು ಎತ್ತಿಕೊಳ್ಳಲು ಎರಡೂ ಕೈ ಚಾಚಿದಳು.

ಮಗು ಹೆದರಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಪ್ರಣತಿ ಚಮಚವನ್ನು ಮುಚ್ಚಳದೊಳಕ್ಕೆ ಇಟ್ಟಿತು. ತೆಗೆಯಿತು. ಮತ್ತೆ ಇಟ್ಟಿತು. ಅದರ ಕತ್ತು ಕೂದಲೆಳೆಯಷ್ಟೂ ಅಲುಗಲಿಲ್ಲ.

ಚಾಚಿದ ಕೈ ಹಾಗೇ ನಿಂತಿತು. ಏನು ನೋಡುತ್ತಿದ್ದೇನೆ ಎಂದು ಮೊದಲು ಮುನಿಶಾಮಮ್ಮನಿಗೆ ತಿಳಿಯಲಿಲ್ಲ. ತಿಳಿದಾಗ ಮಗುವಿನ ಕತ್ತನ್ನೇ ದಿಟ್ಟಿಸಿದಳು.

"ನೋಡಕ್ಕ, ನಾವು ದೊಡ್ಡೋರೇ ಎಗರಿ ಬಿದ್ವಿ. ಮಗು ನೋಡು ಎಷ್ಟು ಧೈರ್ಯ!" ಎಂದು ಬೈಲಪ್ಪ ಸ್ವಿಚ್ಚಿಗೆ ಕೈ ಹಾಕಿದ.

"ಆರಿಸ್ಬೇಡ."

"ಕಿವಿ ಹೋಗ್ತೈತೆ ಅಕ್ಕ..."

"ಆರಿಸ್ಬೇಡ ಅಂದೆ!"

ಅವಳು ಎದ್ದಳು. ಪಾತ್ರೆ ಜಾರಿ ಅವರೆಕಾಳು ನೆಲದ ತುಂಬ ಹರಡಿತು. ಹಲಗೆಯನ್ನು ಮುಟ್ಟದೆ, ಮಗುವಿನ ಹಿಂದೆ ಬಂದು ನಿಂತು, "ಬಂಗಾರಿ" ಎಂದಳು. "ಬಂಗಾರೀ!" ಎಂದಳು. ಆಮೇಲೆ ಹೊಲದ ಆ ತುದಿಯಲ್ಲಿದ್ದವರನ್ನು ಕರೆಯುವ ಗಂಟಲಿನಲ್ಲಿ ಕೂಗಿದಳು. ಪ್ರಣತಿ ಚಮಚವನ್ನು ಮುಚ್ಚಳದೊಳಕ್ಕೆ ಇಟ್ಟಿತು.

"ಏನಾಯ್ತಮ್ಮಿ ನಿಂಗೆ?" ಎಂದ ಮುನಿಆಂಜನಪ್ಪ, ಪಂಚೆ ಒದರುತ್ತ.

"ಬೈಲಪ್ಪ, ಆ ರಬ್ಬರ್ ತೆಗಿ."

"ಯಾವ್ ರಬ್ಬರಕ್ಕ?"

"ಕಾಲಿನ್ ಕೆಳಗೆ ಇಟ್ಟಿದ್ದು. ಮೊದ್ಲು ಹೆಂಗಿತ್ತೋ ಹಂಗೆ ನಿಲ್ಸು. ಆ ಕಾಲು ಆ ತೂತಿನಾಗೇ ಇಡು."

"ಈಗಿನ್ನ ಸರಿ ಮಾಡಿದ್ನಲ್ಲಕ್ಕ!"

"ಮಾಡೋ ಅಂದ್ರೆ ಮಾಡೋ, ನಿನ್ ಕಾಲಿಗ್ ಬೀಳ್ತೀನಿ!"

ಅವಳ ಮುಖ ನೋಡಿ ಬೈಲಪ್ಪ ಮುನಿಆಂಜನಪ್ಪನನ್ನು ಕರೆದ. ಸ್ವಿಚ್ ಆರಿಸಿ, ಇಬ್ಬರೂ ಸೇರಿ ಫ್ರಿಜ್ಜನ್ನು ಎತ್ತಿ ಟ್ಯೂಬಿನ ತುಂಡುಗಳನ್ನು ಎಳೆದರು, ಕಾಲನ್ನು ತೂತಿಗೆ ಇಳಿಸಿದರು. ಹಲಗೆಯ ಮೇಲೆ ಧಡ್ ಎಂದು ಅದು ಕೂತಾಗಲೇ ಮಗು ತಿರುಗಿ ನೋಡಿತ್ತು. ಬೈಲಪ್ಪ ಸ್ವಿಚ್ ಹಾಕಿದ. ಹೊಸ ರಬ್ಬರ್ ಗುಂಡಿದ್ದುದರಿಂದ ಮೊದಲಿನಷ್ಟು ಜೋರಿರಲಿಲ್ಲ, ಆದರೂ ಹಲಗೆ ಜುಮ್ ಎಂದಿತು. ಪ್ರಣತಿ ಮುಚ್ಚಳ ಬಿಟ್ಟು, ಎರಡೂ ಅಂಗೈಗಳನ್ನು ಹಾಸಿಗೆಯಾಚೆಗಿನ ಬರಿ ಹಲಗೆಯ ಮೇಲೆ ಊರಿ, ಫ್ರಿಜ್ಜಿನ ಕಡೆ ಕಣ್ಣರಳಿಸಿ ಕಿಲಕಿಲ ನಕ್ಕಿತು.

ಇಷ್ಟು ದಿನ ಆ ಅಂಗೈಗಳನ್ನು ಮುನಿಶಾಮಮ್ಮ ನೋಡಿಯೇ ಇರಲಿಲ್ಲ. ಅವಳು ನೋಡುತ್ತಿದ್ದುದು ಕತ್ತು ಮಾತ್ರ.

ಮುನಿಆಂಜನಪ್ಪನಿಗೆ ಈಗ ಅರ್ಥವಾಯಿತು. ಅವನು ದಿವಾನದ ಅಂಚಿಗೆ ಬಂದು, ಮುಷ್ಟಿಯಿಂದ ಹಲಗೆಯನ್ನು ಒಂದು ಸಲ ಗುದ್ದಿದ. ಮಗು ಅವನ ಕಡೆ ತಿರುಗಿ ನಕ್ಕಿತು. ಮತ್ತೆ ಚಮಚಕ್ಕೆ ಬಗ್ಗಿದಾಗ ಅವನು ಅದರ ತಲೆಯ ಹಿಂದೆ ಎರಡು ಸ್ಟೀಲ್ ತಟ್ಟೆಗಳನ್ನು ತಂದು ಬಡಿದ. ಮಗುವಿಗೆ ಏನೂ ಅನಿಸಲಿಲ್ಲ. ಅವನು ತಟ್ಟೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಗೇ ನಿಂತುಬಿಟ್ಟ. ಅವನ ಗಾಡಿ, ಅವನ ಹಲಗೆ, ಅವನ ಜಾಣತನ. ಅವನನ್ನು ಸಮಾಧಾನ ಮಾಡುವ ಚೈತನ್ಯ ಮುನಿಶಾಮಮ್ಮನಲ್ಲಿ ಉಳಿದಿರಲಿಲ್ಲ.

ಬೈಲಪ್ಪನ ಬಾಯಿ ಆ ಮನೆಯಲ್ಲಿ ಮೊದಲ ಬಾರಿಗೆ ಮುಚ್ಚಿತ್ತು. ಟ್ಯೂಬಿನ ತುಂಡುಗಳನ್ನು ಮತ್ತೆ ಇಟ್ಟ. ಫ್ರೀಜರಿನ ಒಳತಗಡು ಬಿಚ್ಚಿ ಬಿಸಿನೀರು ಹುಯ್ದು ಐಸು ಕರಗಿಸಿದ, ರೆಕ್ಕೆ ಒರೆಸಿದ, ಬಾಗಿಲಿಗೆ ಹೊಸ ರಬ್ಬರ್ ಕೂರಿಸಿದ. ಹೊರಡುವಾಗ, "ಈಗೆಲ್ಲ ಮಿಷನ್ನು ಬಂದವೆ ಅಕ್ಕ, ಆಪರೇಷನ್ ಮಾಡಿ ಕಿವಿ ಕೇಳ್ಸೋ ಹಂಗೆ ಮಾಡ್ತಾರಂತೆ" ಎಂದು ಗೋಡೆಗೆ ಹೇಳುವವನಂತೆ ಹೇಳಿ ಚೀಲ ಎತ್ತಿಕೊಂಡು ಹೋದ.

ಫ್ರಿಜ್ಜು ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯದಷ್ಟು ತಣ್ಣಗಾಯಿತು. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸತೊಡಗಿತು. ಮುನಿಶಾಮಮ್ಮ ನೆಲದ ಮೇಲೆ ಕೂತು ಚೆಲ್ಲಿದ ಅವರೆಕಾಳು ಆರಿಸಿದಳು. ಒಂದು ಕಾಳು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಮಲಗಿಸುವಾಗ ತಾನು ಹೇಳುತ್ತಿದ್ದ ಜೋಗುಳಗಳು, ಸ್ನಾನ ಮಾಡಿಸುವಾಗ ಆಡುತ್ತಿದ್ದ ಮುದ್ದು ಮಾತುಗಳು, ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ ಗುಟ್ಟುಗಳು, ಒಂದಾದರೂ ಆ ಮಗುವಿಗೆ ಮುಟ್ಟಿಲ್ಲವಲ್ಲ ಎನ್ನುವುದು ಅವಳಿಗೆ ನಂಬಲು ಆಗಲಿಲ್ಲ. ಅಜ್ಜಿಯ ದನಿ ಹೇಗಿದೆ ಎಂದೇ ಅದಕ್ಕೆ ಗೊತ್ತಿಲ್ಲ. ಬೇಗ ಹಿಡಿದಷ್ಟೂ ಸುಲಭ ಎಂದು ಡಾಕ್ಟರು ಹೇಳಿದ್ದರು. ಆ ಬೇಗವನ್ನು ತಾನು ಬಾಯಿ ಮಾಡಿ ಮಾಡಿ ತಿಂದು ಹಾಕಿದ್ದಳು. ಹೊಸಿಲು ದಾಟಿದ ದಿನ ಜನರೆದುರು ಆಡಿದ ಮಾತು ನೆನಪಾಗಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಹಂಸಂಗೆ ಇವತ್ತೇ ಹೇಳ್ಬೇಡ" ಎಂದ ಮುನಿಆಂಜನಪ್ಪ. "ನಿತೀಶ ಬರ್ಲಿ. ಅವನು ಹೇಳ್ತಾನೆ."

"ಬೇಡ ಇವ್ರೆ. ಬೈದೋಳು ನಾನು. ನಾನೇ ಹೇಳ್ತೀನಿ. ಅವ್ಳು ಏನಂದ್ರೂ ಅನ್ನಿಸ್ಕೋತೀನಿ. ಕೆನ್ನೆಗೆ ಹೊಡೆದ್ರೂ ಹೊಡಿಸ್ಕೋತೀನಿ."

ಆ ಹೊಡೆತಕ್ಕೆ ಅವಳು ಮಧ್ಯಾಹ್ನವಿಡೀ ತಯಾರಾದಳು. ಊಟ ಮಾಡಲಿಲ್ಲ. ಮಗುವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಏನಾದರೂ ಹೇಳಲು ಬಾಯಿ ತೆರೆದು, ಹೇಳಿ ಏನು ಪ್ರಯೋಜನ ಎಂದು ಮುಚ್ಚಿ, ಸುಮ್ಮನೆ ಅದರ ಬೆನ್ನು ಸವರುತ್ತ ಕೂತಳು.

ದೀಪ ಹಚ್ಚುವ ಹೊತ್ತಿಗೆ ಹಂಸ ಬಂದಳು. ಮೆಟ್ರೋದ ನೂಕುನುಗ್ಗಲಿನಲ್ಲಿ ಜಡೆ ಸಡಿಲವಾಗಿತ್ತು. ಪ್ರಣತಿ ಅಜ್ಜಿಯ ತೊಡೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿತ್ತು. ಹಂಸ ಒಳಗೊಮ್ಮೆ ನೋಡಿ, "ಅಬ್ಬಾ, ಫ್ರಿಜ್ ಸರಿಯಾಯ್ತಾ? ಏನ್ ನಿಶ್ಶಬ್ದ ಮನೆ!" ಎಂದಳು. ಆಮೇಲೆ ಪ್ರತಿ ಸಂಜೆಯ ಹಾಗೆ ಹೊಸಿಲಿನಾಚೆಯೇ ನಿಂತು, "ಬಂಗಾರೀ" ಎಂದು ಕೂಗಿದಳು.

ಮಗು ತಿರುಗಲಿಲ್ಲ.

"ನೋಡಿ ಅತ್ತೆ, ತಿರುಗ್ಲಿಲ್ಲ."

ಮುನಿಶಾಮಮ್ಮ ಏನೂ ಅನ್ನಲಿಲ್ಲ. ಹಂಸ ಇನ್ನೊಮ್ಮೆ ಕೂಗಿದಳು. ಕೂಗುವಾಗ ಅವಳು ನೋಡುತ್ತಿದ್ದುದು ಮಗುವನ್ನಲ್ಲ, ಅತ್ತೆಯ ಮುಖವನ್ನು. ಇಷ್ಟು ತಿಂಗಳೂ ಹಾಗೇ ನೋಡುತ್ತಿದ್ದಳೇನೋ. ಮುನಿಶಾಮಮ್ಮನ ಕಣ್ಣಿಗೆ ಬಿದ್ದದ್ದು ಇವತ್ತು.

"ಯಾಕತ್ತೆ? ಏನೂ ಅನ್ಲಿಲ್ಲ?"

"ಒಳಕ್ಕೆ ಬಾಮ್ಮ."

"ಏನಾಯ್ತು?"

"ಹಂಸಾ, ಮಗೂಗೆ ಕೇಳಿಸ್ತಿಲ್ಲ ಕಣಮ್ಮ. ಫ್ರಿಜ್ಜಿನ ಸದ್ದಿಗಲ್ಲ ತಿರುಗ್ತಿದ್ದಿದ್ದು. ಹಲಗೆ ಅದುರ್ತಿತ್ತು, ಅದಕ್ಕೆ ತಿರುಗ್ತಿತ್ತು. ಇವತ್ತು ಬೈಲಪ್ಪ ಅದುರೋದ್ ನಿಲ್ಲಿಸ್ದ. ತಿರುಗ್ಲಿಲ್ಲ. ತಟ್ಟೆ ಬಡಿದ್ವಿ, ತಿರುಗ್ಲಿಲ್ಲ. ನೀನ್ ಹೇಳಿದ್ದೇ ನಿಜ. ನಾನು ಪಾಪಿ, ನಾನೇ..."

ಹಂಸಳ ಹೆಗಲಿನಿಂದ ಬ್ಯಾಗು ಜಾರಿ ಬಿತ್ತು. ಚಪ್ಪಲಿ ಕಾಲಿನಲ್ಲೇ ಒಳಗೆ ಬಂದವಳು ಅತ್ತೆಯ ಮುಂದೆ ಮಂಡಿಯೂರಿದಳು. ಮುನಿಶಾಮಮ್ಮ ಕೆನ್ನೆಯನ್ನು ಸಿದ್ಧ ಮಾಡಿಕೊಂಡು ಕಣ್ಣು ಮುಚ್ಚಿದಳು.

ಹೊಡೆತ ಬೀಳಲಿಲ್ಲ. ಹಂಸ ಅವಳ ಎರಡೂ ಮೊಣಕೈಗಳನ್ನು ಹಿಡಿದು ಅಲುಗಿಸುತ್ತಿದ್ದಳು.

"ಇಲ್ಲ ಅನ್ನಿ ಅತ್ತೆ."

"ಏನಮ್ಮ?"

"ಇಲ್ಲ ಅನ್ನಿ. ಆಟದಲ್ಲಿದೆ ಮಗು, ಅದಕ್ಕೆ ತಿರುಗಿಲ್ಲ ಅನ್ನಿ. ದಿನಾ ಅಂತೀರಲ್ಲ."

"ಹಂಸಾ..."

"ನಾನು ದಿನಾ ಯಾಕ್ ಕೇಳ್ತಿದ್ದೆ ಅಂದ್ಕೊಂಡ್ರಿ? ಆಫೀಸಿಂದ ಬರ್ತಾ ಬರ್ತಾ ಭಯ ಆಗೋದು ಅತ್ತೆ, ಕೈಕಾಲು ತಣ್ಣಗಾಗೋದು. ನಿಮ್ ಹತ್ರ ಬೈಸ್ಕೊಂಡ್ಮೇಲೆ ಸರಿ ಹೋಗೋದು. ನಮ್ಮತ್ತೆ ಇಷ್ಟ್ ಜೋರಾಗಿ ಹೇಳ್ತಾರೆ ಅಂದ್ಮೇಲೆ ಕೇಳ್ಸತ್ತೆ, ಖಂಡಿತ ಕೇಳ್ಸತ್ತೆ ಅಂದ್ಕೊಂಡು ಮಲಗ್ತಿದ್ದೆ. ಆಸ್ಪತ್ರೆಗೆ ಹೋದ್ರೆ ಅವ್ರು ಇಲ್ಲ ಅಂದ್ಬಿಡ್ತಾರೆ ಅಂತ ಹೋಗ್ಲಿಲ್ಲ. ಬೈರಿ ಅತ್ತೆ. ಇವತ್ತೂ ಬೈರಿ ನನ್ನ."

ಮುನಿಶಾಮಮ್ಮ ಸೊಸೆಯ ಮುಖವನ್ನೇ ನೋಡಿದಳು. ಬೆಳಿಗ್ಗೆ ಕಂಡದ್ದೇ ಕೊನೆ, ಇದಕ್ಕಿಂತ ಇನ್ನೇನಿದೆ ಎಂದುಕೊಂಡಿದ್ದಳು. ಗೆದ್ದೆ ಗೆದ್ದೆ ಎಂದು ತಾನು ಮೆರೆದ ಒಂದೊಂದು ಸಂಜೆಯೂ ಈ ಹುಡುಗಿ ಸೋಲಿಸಿಕೊಳ್ಳಲೆಂದೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ತಾಯಿಯಾದವಳು ಮಗುವಿನ ಕಿವಿಯನ್ನು ಅತ್ತೆಯ ಬಾಯಿಯ ಮೇಲೆ ಒತ್ತೆಯಿಟ್ಟಿದ್ದಳು.

ಬೈಯಲು ಅವಳು ನಿಜವಾಗಿಯೂ ಬಾಯಿ ತೆರೆದಳು. ಆ ಕ್ಷಣಕ್ಕೆ ಸೊಸೆ ಕೇಳಿದ್ದನ್ನು ಕೊಡಬೇಕೆಂದೇ ಅವಳ ಆಸೆ. ತುಟಿ ಅಲುಗಿತು, ದನಿ ಹೊರಡಲಿಲ್ಲ. ಒಂದು ಕೈಯಿಂದ ಸೊಸೆಯ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು. "ನಾಳೆ ಬೆಳಿಗ್ಗೇನೇ ಹೋಗೋಣ" ಎಂದು ಕೊನೆಗೆ ಹೇಳಿದಳು, "ನಾನೂ ಬತ್ತೀನಿ." ಹಂಸ ದೊಡ್ಡ ದನಿ ತೆಗೆದು ಅತ್ತಳು. ಹಿಂದೆ ನಿಂತಿದ್ದ ಮುನಿಆಂಜನಪ್ಪ ಮುಖ ಆಚೆ ತಿರುಗಿಸಿದ.

ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ಪ್ರಣತಿ ತಲೆಯೆತ್ತಿ ತಾಯಿಯ ಬಾಯಿಯನ್ನು ನೋಡಿತು, ಅಜ್ಜಿಯ ಬಾಯಿಯನ್ನು ನೋಡಿತು. ಆಮೇಲೆ ಕೈ ಮೇಲಕ್ಕೆತ್ತಿ, ಅಳುವಿಗೆ ಅದುರುತ್ತಿದ್ದ ತಾಯಿಯ ಗಂಟಲಿನ ಮೇಲೆ ಅಂಗೈಯಿಟ್ಟು ನಕ್ಕಿತು.